ಮುಂದಿನ ಬ್ರೇಕ್ ಬಿಡದಿದ್ದರೆ

ಬ್ರೇಕ್ ಹಿಡಿಯದ ಬೈಕನ್ನು ಯಾರೂ ಹತ್ತುವುದಿಲ್ಲ. ಬ್ರೇಕ್ ಬಿಡದ ಬೈಕನ್ನು ಮಾತ್ರ ನಮ್ಮ ಕಡೆ ತಿಂಗಳುಗಟ್ಟಲೆ ಓಡಿಸುತ್ತಾರೆ. "ಸ್ವಲ್ಪ ಬಿಗಿ ಐತಿ, ಓಡಿ ಓಡಿ ತಾನ ಸಡಿಲ ಆಗತೈತಿ" ಎನ್ನುತ್ತಾರೆ. ಅದು ಸಡಿಲ ಆಗುವುದಿಲ್ಲ. ಬಿಡದ ಬ್ರೇಕು ಬಿಸಿಯಾಗುತ್ತದೆ, ಬಿಸಿಯಾದ ಬ್ರೇಕು ಇನ್ನಷ್ಟು ಬಿಗಿಯಾಗುತ್ತದೆ, ಕೊನೆಗೆ ಒಂದು ದಿನ ಬೇಕಾದಾಗಲೇ ಹಿಡಿಯುವುದಿಲ್ಲ. ಹೀಗೇಕೆ ಆಗುತ್ತದೆ, ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ. ಸಂಜೆ ಹೊತ್ತು ಮತ್ತು ರಜೆಯ ದಿನಗಳಲ್ಲಿ ನಾನು ನಮ್ಮ ಮಾಮಾನ ಗ್ಯಾರೇಜಿನಲ್ಲಿ ಇರುತ್ತೇನೆ. ಇಲ್ಲಿ ಬರೆದಿರುವುದನ್ನೆಲ್ಲ ಅಲ್ಲಿ ಕೈಯಾರೆ ಬಿಚ್ಚಿ ನೋಡಿದ್ದೇನೆ.

ನಮ್ಮ ಕಾಲೇಜಿನ ಆವರಣದಲ್ಲಿ ನಿಲ್ಲುವ ಬೈಕುಗಳಲ್ಲಿ ಹೊಸವು ಕಡಿಮೆ. ಅಪ್ಪ ಓಡಿಸಿ ಅಣ್ಣನಿಗೆ ಕೊಟ್ಟದ್ದು, ಅಣ್ಣ ಓಡಿಸಿ ತಮ್ಮನಿಗೆ ಬಿಟ್ಟದ್ದು, ಹತ್ತು ಹದಿನೈದು ವರ್ಷದ ಗಾಡಿಗಳೇ ಹೆಚ್ಚು. (18 ತುಂಬದವರು ಗೇರ್ ಬೈಕ್ ಓಡಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ರಿಪೇರಿ ಕಲಿಯಲು ವಯಸ್ಸಿನ ಕಾನೂನಿಲ್ಲ.) ನಾನು ಹೇಳುತ್ತಿರುವುದು ಇಂಥ ಹಳೆಯ, ಎಬಿಎಸ್ ಇಲ್ಲದ ಬೈಕುಗಳ ಬಗ್ಗೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅವುಗಳ ಬ್ರೇಕ್ ಕೆಲಸದ ರೀತಿ ಬೇರೆ, ಅದಕ್ಕೆ ಕೈ ಹಾಕಬೇಡಿ.

ಮುಂದಿನ ಬ್ರೇಕಿನ ಬಗ್ಗೆ ಇಷ್ಟು ಬರೆಯಲು ಒಂದು ಕಾರಣವಿದೆ. ನಮ್ಮ ಭಾಗದಲ್ಲಿ ಬಹಳ ಜನ ಮುಂದಿನ ಬ್ರೇಕನ್ನು ಮುಟ್ಟುವುದೇ ಇಲ್ಲ. ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಹೆದರಿಕೆ. ಹಾಗಾಗಿ ಅದು ಜಾಮ್ ಆದಾಗ "ಅದನ್ನ ಬಿಚ್ಚಿ ಒಗದಬಿಡ್ರಿ, ಹಿಂದಿನ ಬ್ರೇಕ್ ಐತೆಲ್ಲ" ಎನ್ನುವವರು ಗ್ಯಾರೇಜಿಗೆ ಬರುತ್ತಲೇ ಇರುತ್ತಾರೆ. ಲೆಕ್ಕ ಹಾಕಿ ನೋಡಿ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ನೆಲದ ಹಿಡಿತ ಕಡಿಮೆ. ಎರಡೂ ಬ್ರೇಕ್ ಸರಿಯಿದ್ದು ಸೆಕೆಂಡಿಗೆ ಸೆಕೆಂಡಿಗೆ 7 ಮೀಟರ್‌ನಂತೆ ವೇಗ ಇಳಿಯುತ್ತದೆ ಎಂದುಕೊಳ್ಳಿ, ಹಿಂದಿನದೊಂದೇ ಆದರೆ ಅದರ ಅರ್ಧ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವಾಗ ಮೊದಲನೆಯದಕ್ಕೆ ನಿಲ್ಲಲು ಸುಮಾರು 14 ಮೀಟರ್ ಸಾಕು, ಎರಡನೆಯದಕ್ಕೆ ಸುಮಾರು 28 ಮೀಟರ್ ಬೇಕು. v²=2as ಎಂದು ಬರೆದು ಅಂಕ ತೆಗೆದುಕೊಂಡವರೆಲ್ಲ ಇದನ್ನು ಒಮ್ಮೆ ಮಾಡಿ ನೋಡಬಹುದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನಮ್ಮ ಊರಿನಲ್ಲೇ ಹಾದುಹೋಗುತ್ತದೆ. ಅಲ್ಲಿ ಲಾರಿಯೊಂದು ಗಕ್ಕನೆ ನಿಂತರೆ ಈ 14 ಮೀಟರ್ ಅಂತರವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಬ್ರೇಕ್ ನಿಜವಾಗಿಯೂ ಹಿಡಿದುಕೊಂಡಿದೆಯೇ ಎಂಬುದನ್ನು ಮೊದಲು ನೋಡಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಕೂತು ಭಾರ ಕೊಟ್ಟರೆ ಮುಂದಿನ ಗಾಲಿ ಮೇಲೇಳುತ್ತದೆ. ಕೈಯಿಂದ ತಿರುಗಿಸಿ. ಎರಡು ಮೂರು ಸುತ್ತು ಹಾಯಾಗಿ ತಿರುಗಬೇಕು. ಡಿಸ್ಕ್ ಬ್ರೇಕಿನಲ್ಲಿ ಸಣ್ಣಗೆ "ಸ್ಸ್" ಎಂದು ಉಜ್ಜುವ ಸದ್ದು ಬಂದರೆ ಅದು ದೋಷವಲ್ಲ, ಪ್ಯಾಡು ಪ್ಲೇಟಿನ ಪಕ್ಕದಲ್ಲೇ ಇರುವುದರಿಂದ ಅಷ್ಟು ಇರುತ್ತದೆ. ಕೈ ತೆಗೆದ ಕೂಡಲೇ ಗಾಲಿ ನಿಂತರೆ ತೊಂದರೆ ಇದೆ.

ಹಾಗೆ ನಿಂತರೂ ಅದು ಬ್ರೇಕೇ ಆಗಿರಬೇಕೆಂದಿಲ್ಲ. ನಮ್ಮದು ಎರೆಮಣ್ಣಿನ ನಾಡು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಒಂದು ಸಲ ಹೋಗಿಬಂದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ, ಮರುದಿನದ ಬಿಸಿಲಿಗೆ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಬ್ರೇಕ್ ಜಾಮ್ ಎಂದು ತಳ್ಳಿಕೊಂಡು ಬಂದ ಗಾಡಿಯನ್ನು ಮಾಮಾ ಒಂದು ಕಬ್ಬಿಣದ ಪಟ್ಟಿಯಿಂದ ಕೆರೆದು, ದುಡ್ಡು ತೆಗೆದುಕೊಳ್ಳದೆ ಕಳಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಮಣ್ಣೂ ಇಲ್ಲದಿದ್ದರೆ ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಿ, ಅದನ್ನು ಪ್ಲೇಟಿನಿಂದ ಹೊರಗೆ ತೆಗೆದು ಗಾಲಿ ತಿರುಗಿಸಿ. ಆಗಲೂ ಬಿಗಿಯಾಗಿದ್ದರೆ ದೋಷ ಬೇರಿಂಗಿನದು ಅಥವಾ ಎಕ್ಸಲ್ಲಿನದು. ಕ್ಯಾಲಿಪರ್ ಹೊರಗಿದ್ದಾಗ ಯಾರೂ ಬ್ರೇಕ್ ಲಿವರ್ ಒತ್ತದಂತೆ ನೋಡಿಕೊಳ್ಳಬೇಕು. ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಪ್ಯಾಡುಗಳ ನಡುವೆ ಒಂದು ಕಟ್ಟಿಗೆ ಚೂರು ಇಟ್ಟರೆ ಕ್ಷೇಮ.

ಈಗ ಡಿಸ್ಕ್ ಬ್ರೇಕಿನ ಒಳಗೆ ಏನಿದೆ ನೋಡೋಣ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ದ್ರವಗಳ ಪಾಠದಲ್ಲಿ ಪ್ಯಾಸ್ಕಲ್ ನಿಯಮ ಬರುತ್ತದೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. ಹ್ಯಾಂಡಲ್ ಮೇಲಿನ ಸಣ್ಣ ಬಟ್ಟಲಿನ ಕೆಳಗೆ ಮಾಸ್ಟರ್ ಸಿಲಿಂಡರ್ ಇದೆ. ಅದರ ಪಿಸ್ಟನ್ 12 ಮಿ.ಮೀ. ವ್ಯಾಸದ್ದು, ಗಾಲಿಯ ಹತ್ತಿರದ ಕ್ಯಾಲಿಪರಿನ ಪಿಸ್ಟನ್ 24 ಮಿ.ಮೀ. ಎಂದುಕೊಂಡರೆ ವ್ಯಾಸ ಎರಡು ಪಟ್ಟು, ಕ್ಷೇತ್ರಫಲ ನಾಲ್ಕು ಪಟ್ಟು, ಬಲವೂ ನಾಲ್ಕು ಪಟ್ಟು. ಲಿವರಿನ ಸನ್ನೆಯ ಲಾಭ ಬೇರೆ. ಎರಡು ಬೆರಳಿನಿಂದ ಗಾಡಿ ನಿಲ್ಲುವುದು ಹೀಗೆ.

ಹಿಡಿಯುವುದು ಹೇಗೆಂದು ಪಾಠದಲ್ಲಿದೆ, ಬಿಡುವುದು ಹೇಗೆಂದು ಇಲ್ಲ. ಬೆರಳು ತೆಗೆದಾಗ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದೆ ಎಳೆಯುವವರು ಯಾರು? ಅಲ್ಲಿ ಸ್ಪ್ರಿಂಗ್ ಇಲ್ಲ. ಮೊದಲ ಸಲ ಬಿಚ್ಚಿದಾಗ ಸ್ಪ್ರಿಂಗ್ ಎಲ್ಲೋ ಬಿದ್ದುಹೋಗಿದೆ ಎಂದು ನಾನು ನೆಲವೆಲ್ಲ ಹುಡುಕುತ್ತಿದ್ದರೆ ಮಾಮಾ ನಗುತ್ತ ನಿಂತಿದ್ದರು. ಆ ಕೆಲಸ ಮಾಡುವುದು ಪಿಸ್ಟನ್ ಸುತ್ತ ಕೂತಿರುವ ಒಂದು ರಬ್ಬರ್ ಸೀಲು. ಅದು ದುಂಡಗಿನ ರಿಂಗಲ್ಲ, ಅಡ್ಡ ಕೊಯ್ದರೆ ಚೌಕಾಕಾರ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ. ಸೀಲು ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ಜಾರುವುದಿಲ್ಲ, ವಾರೆಯಾಗಿ ಸೊಟ್ಟಗಾಗುತ್ತದೆ. ಒತ್ತಡ ಹೋದ ಕೂಡಲೇ ಮತ್ತೆ ನೆಟ್ಟಗಾಗುತ್ತದೆ, ಆಗ ಪಿಸ್ಟನ್ನನ್ನೂ ತನ್ನ ಜೊತೆ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ ದೂರ. ಆ ಕೂದಲೆಳೆಯಷ್ಟು ಚಲನೆಗೆ ತುಕ್ಕೋ ಮಣ್ಣೋ ಗಟ್ಟಿಯಾದ ಆಯಿಲೋ ಅಡ್ಡ ಬಂದರೆ ಬ್ರೇಕ್ ಬಿಡುವುದಿಲ್ಲ.

ಮೇಲಿನ ತುದಿಯಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ಬಟ್ಟಲಿನ ತಳದಲ್ಲಿ ಸಿಲಿಂಡರಿಗೆ ಇಳಿಯುವ ಎರಡು ರಂಧ್ರಗಳಿರುತ್ತವೆ. ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು ಸಣ್ಣದು. ಲಿವರ್ ಬಿಟ್ಟಾಗ ಲೈನಿನಲ್ಲಿ ಉಳಿದ ಒತ್ತಡ ಬಟ್ಟಲಿಗೆ ವಾಪಸ್ ಹೋಗುವುದು ಆ ಸಣ್ಣ ರಂಧ್ರದಿಂದ. ಅದು ಮುಚ್ಚಿದರೆ ಒತ್ತಡ ಒಳಗೇ ಸಿಕ್ಕಿಬೀಳುತ್ತದೆ. ಪ್ಯಾಡು ಉಜ್ಜಿ ಉಜ್ಜಿ ಬ್ರೇಕ್ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಹೋಗಲು ದಾರಿಯಿಲ್ಲ, ಹಾಗಾಗಿ ಪ್ಯಾಡನ್ನೇ ಮತ್ತಷ್ಟು ಒತ್ತುತ್ತದೆ. ಬೆಳಿಗ್ಗೆ ಸರಿಯಿದ್ದ ಬೈಕು ಐದಾರು ಕಿ.ಮೀ. ಹೋದ ಮೇಲೆ ಬಿಗಿಯಾಗಿ, ನೆರಳಲ್ಲಿ ಅರ್ಧ ತಾಸು ನಿಲ್ಲಿಸಿದರೆ ಮತ್ತೆ ಸರಿಯಾಗುವುದು ಇದರಿಂದಲೇ.

ಆ ಬಿಸಿ ಎಷ್ಟು? ಪ್ಯಾಡು ಗಾಡಿಯನ್ನು ಬರೀ 50 ನ್ಯೂಟನ್ ಬಲದಿಂದ, ಅಂದರೆ ಸುಮಾರು 5 ಕೆ.ಜಿ. ತೂಕದಷ್ಟು ಹಿಂದಕ್ಕೆ ಎಳೆಯುತ್ತಿದೆ ಎನ್ನಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸುಮಾರು 555 ವ್ಯಾಟ್. ಮನೆಯ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಶಾಖ ದಾರಿಯುದ್ದಕ್ಕೂ ಆ ಸಣ್ಣ ಪ್ಲೇಟಿನಲ್ಲಿ ಹುಟ್ಟುತ್ತದೆ. ಪೆಟ್ರೋಲ್ ದಂಡವಾಗುವುದು ಸಣ್ಣ ಮಾತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುವ ವಸ್ತು. ಡಾಟ್ 4 ಎಂಬ ಗುರುತಿನ ಹೊಸ ಆಯಿಲ್ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ. ತೇವ ಹೀರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಡಾಟ್ 3 ಆದರೆ 205 ಮತ್ತು 140. ವರ್ಷಗಟ್ಟಲೆ ಬದಲಿಸದ ಆಯಿಲ್ ಈ ಬಿಸಿಗೆ ಕುದ್ದರೆ ಲೈನಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಸುಲಭವಾಗಿ ಕುಗ್ಗಿಸಬಹುದು. ಆಗ ಲಿವರ್ ಹಿಡಿಕೆಯವರೆಗೂ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಇಷ್ಟು ದಿನ ಬಿಡದಿದ್ದ ಬ್ರೇಕು ಹಿಡಿಯದ ಬ್ರೇಕಾಗುವುದು ಹೀಗೆ.

ತೊಂದರೆ ಮೇಲಿನ ತುದಿಯದೋ ಕೆಳಗಿನ ತುದಿಯದೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಡಿ. ಬ್ರೇಕ್ ಹಿಡಿದುಕೊಂಡಿರುವಾಗಲೇ, ಕ್ಯಾಲಿಪರಿನ ಮೇಲಿನ ಹವಾ ತೆಗೆಯುವ ನಿಪ್ಪಲ್ಲಿಗೆ ಸಣ್ಣ ಪ್ಲಾಸ್ಟಿಕ್ ಪೈಪ್ ಹಾಕಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಬಿಟ್ಟು, ರಿಂಗ್ ಪಾನಾದಿಂದ ಕಾಲು ಸುತ್ತು ಸಡಿಲಿಸಿ. ಆಯಿಲ್ ಬಿಸಿಯಿರಬಹುದು, ಮುಖ ದೂರವಿರಲಿ. ಆಯಿಲ್ ಚಿಮ್ಮಿ ಗಾಲಿ ಸಡಿಲವಾದರೆ ಲೈನಿನಲ್ಲಿ ಒತ್ತಡ ಸಿಕ್ಕಿಬಿದ್ದಿತ್ತು ಎಂದರ್ಥ, ದೋಷ ಮಾಸ್ಟರ್ ಸಿಲಿಂಡರಿನಲ್ಲಿ ಅಥವಾ ಪೈಪಿನಲ್ಲಿ. ಆಯಿಲ್ ಚಿಮ್ಮದೆ ಗಾಲಿ ಬಿಗಿಯಾಗಿಯೇ ಉಳಿದರೆ ಒತ್ತಡವಿಲ್ಲ, ಪಿಸ್ಟನ್ ಅಥವಾ ಪಿನ್ನುಗಳೇ ಕಚ್ಚಿಕೊಂಡಿವೆ, ದೋಷ ಕ್ಯಾಲಿಪರಿನಲ್ಲಿ. ನಿಪ್ಪಲ್ ಬಿಗಿ ಮಾಡಿಯೇ ಮುಂದಿನ ಕೆಲಸ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಪ್ಯಾಡು ಬದಲಿಸುವವರೇ ಹೆಚ್ಚು.

ಕಳೆದ ಬೇಸಿಗೆಯಲ್ಲಿ ಕೊಣ್ಣೂರ ಕಡೆಯ ರೈತರೊಬ್ಬರು 150 ಸಿಸಿಯ ಹಳೆಯ ಬೈಕು ತಂದರು. "ಎರಡ ಸಲ ಹೊಸಾ ಪ್ಯಾಡ್ ಹಾಕಿಸೀನ್ರಿ ಸಾಹೇಬ್ರ, ಆದ್ರೂ ಊರಿಂದ ಇಲ್ಲಿಗೆ ಬರೂದ್ರಾಗ ಗಾಲಿ ಹಿಡ್ಕೋತೈತಿ" ಎಂದರು. ಪ್ಲೇಟು ನೀಲಿ ಬಣ್ಣಕ್ಕೆ ತಿರುಗಿತ್ತು. ಮಾಮಾ "ಕೂಡ್ರಿ ಕಾಕಾರ, ಚಹಾ ಕುಡೀರಿ" ಎಂದವರೇ ನನಗೆ ಪಾನಾ ಕೊಟ್ಟರು. ನಿಪ್ಪಲ್ ಸಡಿಲಿಸಿದ ಕೂಡಲೇ ಕಪ್ಪು ಆಯಿಲ್ ಚಿಮ್ಮಿ ಗಾಲಿ ತಾನಾಗಿ ತಿರುಗಿತು. ಬಟ್ಟಲಿನ ಮುಚ್ಚಳ ತೆಗೆದರೆ ತಳದಲ್ಲಿ ಕೆಸರಿನಂಥ ಗಸಿ. ಬಟ್ಟಲು ತೆರೆದಿರುವಾಗ ಲಿವರನ್ನು ಬಹಳ ಮೆಲ್ಲಗೆ ಒತ್ತಿದರೆ, ಒತ್ತುವ ಮೊದಲ ಕ್ಷಣದಲ್ಲಿ ಸಣ್ಣ ರಂಧ್ರದಿಂದ ಪುಟ್ಟ ಕಾರಂಜಿಯಂತೆ ಆಯಿಲ್ ಏಳಬೇಕು. ಇಲ್ಲಿ ಏಳಲಿಲ್ಲ. ಆಕ್ಸಿಲರೇಟರ್ ಕೇಬಲ್ಲಿನ ಒಂದೇ ಒಂದು ಎಳೆ ತೆಗೆದು ಮಾಮಾ ಆ ರಂಧ್ರ ಬಿಡಿಸಿದರು. ಒಳಗಿನ ಗೋಡೆಗೆ ಗೀರು ಬಿದ್ದರೆ ರಬ್ಬರ್ ಕಪ್ ಹರಿಯುತ್ತದೆ, ಅದಕ್ಕಾಗಿ ಪಿಸ್ಟನ್ ಹೊರಗೆ ತೆಗೆದ ಮೇಲೆಯೇ ಈ ಕೆಲಸ. ಹೊಸ ಕಿಟ್ ಹಾಕಿ, ಆಯಿಲ್ ಪೂರ್ತಿ ಬದಲಿಸಿದ್ದಾಯಿತು. ಆ ಎರಡು ಜೊತೆ ಪ್ಯಾಡಿನ ದುಡ್ಡು ಮಾತ್ರ ಅವರಿಗೆ ದಂಡ.

ಮೇಲಿನ ತುದಿಗೆ ಇನ್ನೂ ಎರಡು ಕಾರಣಗಳುಂಟು. ಗಾಡಿ ಬಿದ್ದು ಲಿವರ್ ಮುರಿದಾಗ ಅಳತೆ ಸರಿಯಿಲ್ಲದ ಅಗ್ಗದ ಲಿವರ್ ಹಾಕಿಸಿದರೆ ಅದರ ಮೂಗು ಪಿಸ್ಟನ್ನನ್ನು ಸದಾ ಸ್ವಲ್ಪ ಒತ್ತಿಯೇ ಇರುತ್ತದೆ. ಪಿಸ್ಟನ್ ಪೂರ್ತಿ ಹಿಂದೆ ಬಾರದೆ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಲಿವರಿನ ತುದಿಯಲ್ಲಿ ಸ್ವಲ್ಪವಾದರೂ ಖಾಲಿ ಆಟ ಇರಲೇಬೇಕು. ಇನ್ನೊಂದು, ಪ್ಯಾಡು ಸವೆದಂತೆ ಬಟ್ಟಲಿನ ಆಯಿಲ್ ಮಟ್ಟ ಇಳಿಯುವುದು ಸಹಜ. ಇಳಿದಿದೆ ಎಂದು ತುಂಬಿಸಿ, ಆಮೇಲೆ ದಪ್ಪನೆಯ ಹೊಸ ಪ್ಯಾಡು ಹಾಕಿದರೆ ಹಿಂದೆ ಬಂದ ಆಯಿಲ್ಲಿಗೆ ಬಟ್ಟಲಿನಲ್ಲಿ ಜಾಗವೇ ಇರುವುದಿಲ್ಲ. ರಬ್ಬರ್ ಪೈಪು ಒಳಗೊಳಗೇ ಊದಿಕೊಂಡು, ಆಯಿಲ್ ಹೋಗಲು ಬಿಟ್ಟು ಬರಲು ಬಿಡದಿರುವುದೂ ಉಂಟು. ಹೊರಗಿನಿಂದ ಕಾಣುವುದಿಲ್ಲ. ಬಹಳ ಹಳೆಯ ಪೈಪನ್ನು ಬದಲಿಸುವುದೇ ಸರಿ.

ದೋಷ ಕ್ಯಾಲಿಪರಿನದು ಎಂದಾದರೆ ಮೊದಲು ಪಿನ್ನುಗಳನ್ನು ನೋಡಿ. ನಮ್ಮ ಬೈಕುಗಳ ಬಹುತೇಕ ಕ್ಯಾಲಿಪರುಗಳು ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರುವಂಥವು. ಮೇಲಿನ ರಬ್ಬರ್ ಟೋಪಿ ಹರಿದರೆ ಒಳಗೆ ನೀರು, ಎರೆಮಣ್ಣಿನ ಧೂಳು ಸೇರಿ ಪಿನ್ನು ಕಚ್ಚುತ್ತದೆ. ಒಂದು ಕಡೆಯ ಪ್ಯಾಡು ಪೂರ್ತಿ ಸವೆದು ಇನ್ನೊಂದು ಹೊಸದರಂತಿದ್ದರೆ ಇದೇ ಕಾರಣ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರ, ಲಖಮಾಪುರಗಳಿಗೆ ನೀರು ನುಗ್ಗಿದ ಮೇಲೆ ಗ್ಯಾರೇಜಿಗೆ ಬಂದ ಗಾಡಿಗಳಲ್ಲಿ ಎಂಜಿನ್ನಿನ ಜೊತೆಗೇ ಈ ಪಿನ್ನುಗಳನ್ನೂ ಬಡಿದು ತೆಗೆಯಬೇಕಾಯಿತು ಎಂದು ಮಾಮಾ ಹೇಳುತ್ತಾರೆ. ಪಿನ್ನು ಒರೆಸಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ತೆಳ್ಳಗೆ ಸವರಿ, ಟೋಪಿ ಹೊಸದು ಹಾಕಬೇಕು.

ಪಿಸ್ಟನ್ ತೆಗೆಯಲು ಲಿವರನ್ನೇ ಮೆಲ್ಲಗೆ ಒತ್ತುತ್ತ ಹೋದರೆ ಸಾಕು. ಹವಾ ಹೊಡೆದು ತೆಗೆಯುವ ಅಭ್ಯಾಸ ಕೆಲವರಿಗಿದೆ. ಪಿಸ್ಟನ್ ಗುಂಡಿನಂತೆ ಹಾರುತ್ತದೆ, ಎದುರಿಗೆ ಬೆರಳಿದ್ದರೆ ಬೆರಳು ಹೋಯಿತು. ಸೀಲು ಕೂರುವ ಗಾಡಿಯಲ್ಲಿ ಬಿಳಿ ಪುಡಿಯಂತೆ ಗಟ್ಟಿಯಾದ ಕಸ ಇರುತ್ತದೆ. ಅದು ಸೀಲನ್ನು ಹೊರಗೆ ತಳ್ಳಿ ಪಿಸ್ಟನ್ನನ್ನು ಅದುಮುತ್ತದೆ. ಪಿಸ್ಟನ್ನನ್ನು ಮಾತ್ರ ತಿಕ್ಕಿ ಈ ಗಾಡಿಯನ್ನು ಬಿಟ್ಟರೆ ಎರಡೇ ವಾರದಲ್ಲಿ ಅದೇ ತಾಪತ್ರಯ. ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ಮೊನೆಯಿಂದ ಕೆರೆದು ತೆಗೆಯಬೇಕು, ಸೀಲು ಹೊಸದೇ ಹಾಕಬೇಕು. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಅದೂ ಹೊಸದು. ತೊಳೆಯಲು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದೂ ಬೇಡ, ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಬ್ರೇಕಿನ ರಬ್ಬರು ಇವುಗಳಲ್ಲಿ ಊದಿ, ಗಾಲಿ ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಹೊಸ ಬ್ರೇಕ್ ಆಯಿಲ್ಲಿನಿಂದಲೇ ತೊಳೆದರಾಯಿತು. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಟ್ಯಾಂಕಿನ ಮೇಲೊಂದು ದಪ್ಪ ಬಟ್ಟೆ ಹೊದಿಸಿರಿ.

ಡ್ರಮ್ ಬ್ರೇಕಿನವರಿಗೂ ಒಂದು ಮಾತು. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳಿಂದ ಹಿಡಿದು ಹಳೆಯ ಸ್ಪ್ಲೆಂಡರ್‌ವರೆಗೆ ಮುಂದಿನ ಗಾಲಿಗೆ ಡ್ರಮ್ಮೇ ಇರುತ್ತಿತ್ತು. ಇಲ್ಲಿ ಬಿಡಿಸಲು ನಿಜವಾಗಿಯೂ ಸ್ಪ್ರಿಂಗ್‌ಗಳಿವೆ, ಹಾಗಾಗಿ ಹುಡುಕುವುದು ಸುಲಭ. ಗಾಲಿಯ ಹತ್ತಿರ ಕೇಬಲ್ ಬಿಚ್ಚಿ. ಗಾಲಿ ಸಡಿಲವಾದರೆ ಕೇಬಲ್ ತುಕ್ಕು ಹಿಡಿದಿದೆ ಅಥವಾ ಅತಿಯಾಗಿ ಬಿಗಿ ಮಾಡಿದ್ದಾರೆ. ಸಡಿಲವಾಗದಿದ್ದರೆ ಒಳಗಿನ ಕ್ಯಾಮ್ ಒಣಗಿ ಕಚ್ಚಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಕ್ಯಾಮಿಗೆ ಚೂರೇ ಚೂರು ಗ್ರೀಸ್, ಲೈನರಿಗೆ ತಾಗಬಾರದು. ಗಾಲಿ ಮತ್ತೆ ಕೂರಿಸುವಾಗ ಎಕ್ಸಲ್ ನಟ್ಟನ್ನು ಬಿಗಿ ಮಾಡುವ ಮೊದಲು ಬ್ರೇಕ್ ಲಿವರ್ ಒತ್ತಿ ಹಿಡಿದರೆ ಶೂಗಳು ಡ್ರಮ್ಮಿನ ನಟ್ಟನಡುವೆ ಕೂರುತ್ತವೆ. ಒಂದೇ ಕಡೆ ಉಜ್ಜುವ ಎಷ್ಟೋ ಬ್ರೇಕುಗಳು ಇಷ್ಟರಿಂದಲೇ ಸರಿಹೋಗಿವೆ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ.

ಡಿಸ್ಕ್ ಬ್ರೇಕಿಗೆ ಕೊನೆಯ ಕೆಲಸ ಹವಾ ತೆಗೆಯುವುದು. ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆಯ ಆಯಿಲ್ಲನ್ನೇ, ಸೀಲ್ ಒಡೆಯದ ಸಣ್ಣ ಡಬ್ಬಿಯಲ್ಲಿ ತನ್ನಿ. ಹೋದ ವರ್ಷ ಒಡೆದು ಕಪಾಟಿನಲ್ಲಿಟ್ಟ ಡಬ್ಬಿ ಈಗಾಗಲೇ ತೇವ ಕುಡಿದಿರುತ್ತದೆ. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು, ಆಮೇಲೆಯೇ ಲಿವರ್ ಬಿಡಬೇಕು. ಪೈಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಹೀಗೆಯೇ. ನಡುವೆ ಬಟ್ಟಲು ಖಾಲಿಯಾಗಲು ಬಿಟ್ಟರೆ ಹವಾ ಮತ್ತೆ ಒಳಗೆ ಹೋಗಿ ಕೆಲಸ ಮೊದಲಿಂದ.

ಮುಗಿದ ಮೇಲೆ ನೇರ ಹೆದ್ದಾರಿಗೆ ಹೋಗಬೇಡಿ. ನಿಂತಲ್ಲೇ ಲಿವರನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆಯೇ ನೋಡಿ. ಪ್ಯಾಡು ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ಎರಡು ಮೂರು ಕಿ.ಮೀ. ಮುಂದಿನ ಬ್ರೇಕ್ ಮುಟ್ಟದೆ ಓಡಿಸಿ, ಹಿಂದಿನದರಿಂದ ನಿಲ್ಲಿಸಿ, ಪ್ಲೇಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಎಂದರೆ ಇನ್ನೂ ಹಿಡಿಯುತ್ತಿದೆ, ಗ್ಯಾರೇಜಿಗೆ ತನ್ನಿ. ಹಾಗೇ ಇಳಿದುಹೋದರೆ ಸರಿಯಾಗಿದೆ. ಮರುದಿನ ಬೆಳಿಗ್ಗೆ ನಿಪ್ಪಲ್ಲಿನ ಸುತ್ತ, ಪೈಪಿನ ಎರಡೂ ತುದಿಯಲ್ಲಿ ಬೆರಳಾಡಿಸಿ ಒದ್ದೆ ಇದೆಯೇ ಎಂದು ಇನ್ನೊಮ್ಮೆ ನೋಡಿ.